ಸುಣ್ಣಗಾರ ಓಣಿಯ ಗರಗರ

ನಾನು ಹೊಸ್ತಿಲು ದಾಟಿ ಒಳಗೆ ಕಾಲಿಟ್ಟರೆ ನಮ್ಮ ಮನೆಯ ರೇಡಿಯೊ ಗರಗರ ಅನ್ನುತ್ತಿತ್ತು. ಇದು ಊರಿಗೆಲ್ಲ ಗೊತ್ತು. ಆ ಬಾವಿಯ ನೀರು ಸವಳು, ಈ ಎತ್ತು ಹಾಯುತ್ತದೆ ಅಂತ ಹೇಳುವ ಹಾಗೆಯೇ, ಕಾಶವ್ವನ ಸಣ್ಣ ಮಗ ಯಮನೂರ ಬಂದರೆ ಮೆಲುದನಿ ಕೆಡುತ್ತದೆ ಅಂತ ಹೇಳುತ್ತಿದ್ದರು. ನಗುನಗುತ್ತ ಹೇಳುತ್ತಿದ್ದರು. ಸಿಟ್ಟಿನಿಂದ ಹೇಳಿದ್ದರೆ ನನಗೂ ಒಂದು ಮಾತು ತಿರುಗಿ ಕೊಡಲು ಬರುತ್ತಿತ್ತು. ಆದರೆ ನಮ್ಮೂರಲ್ಲಿ ಸಿಟ್ಟಿಗೊಂದು ಹೊತ್ತು ಗೊತ್ತುಮಾಡಿದ್ದರು. ಆ ಹೊತ್ತು ಬಿಟ್ಟರೆ ಯಾರೂ ಸಿಟ್ಟಾಗುತ್ತಿರಲಿಲ್ಲ.

ಮೆಲುದನಿ ಎಂದರೆ ನಮ್ಮೂರ ರೇಡಿಯೊ ಕೇಂದ್ರ. ಊರ ಹಿಂದಿನ ಬೋಳುಗುಡ್ಡದ ಮೇಲೆ ಅದರ ಕಂಬ ಕಾಣುತ್ತಿತ್ತು, ನೆಟ್ಟು ಮರೆತ ಬಿದಿರಿನ ಹಾಗೆ. ಅಲ್ಲಿಂದ ಬರುವುದೆಲ್ಲ ಮೆತ್ತನೆಯ ಹಾಡು. ಡೊಳ್ಳಿಲ್ಲ, ಹಲಗೆಯಿಲ್ಲ, ಕುಣಿಯುವಂಥದ್ದು ಒಂದೂ ಇಲ್ಲ. ಸಂಸಾರ ಮಾಡಿ ದಣಿದವರು ಕಣ್ಣು ಮುಚ್ಚಿ ತಲೆ ತೂಗುವಂಥವು. ನಡುವೆ ಮೊಣಕಾಲಿನ ಎಣ್ಣೆಯ ಜಾಹೀರಾತು, ಹತ್ತಿಯ ಗಾದಿಯ ಜಾಹೀರಾತು. ಆ ಕೇಂದ್ರದ ತರಂಗ ಮೊದಲಿನಿಂದಲೂ ಬಡಕಲು. ಮಳೆ, ಗಾಳಿ, ಸಿಡಿಲು ಅದಕ್ಕೆ ಏನೂ ಮಾಡುತ್ತಿರಲಿಲ್ಲ. ಸಿಟ್ಟೊಂದು ಮಾತ್ರ ಆಗುತ್ತಿರಲಿಲ್ಲ. ಸಿಟ್ಟಿನ ಮನುಷ್ಯ ಹತ್ತಿರ ಸುಳಿದರೆ ಸಾಕು, ಹಾಡು ಹರಿದು, ಕಾದ ಮರಳಿನಲ್ಲಿ ಕಡಲೆ ಹುರಿದಂಥ ಸದ್ದು.

ಹಾಗಾಗಿ ಊರು ಸಿಟ್ಟನ್ನು ತಡೆದಿಟ್ಟುಕೊಳ್ಳುವುದನ್ನು ಕಲಿತಿತ್ತು. ಮಧ್ಯಾಹ್ನ ಉಂಡ ಮೇಲೆ ಕೇಂದ್ರದವರು ಯಂತ್ರ ಆರಲಿ ಎಂದು ಸ್ವಲ್ಪ ಹೊತ್ತು ಹಾಡು ನಿಲ್ಲಿಸುತ್ತಿದ್ದರು. ಅದೇ ಜಗಳದ ಹೊತ್ತು. ರೇಡಿಯೊ ಸುಮ್ಮನಾಯಿತೋ ಇಲ್ಲವೋ, ಊರ ತುಂಬ ಬಾಗಿಲುಗಳು ದಡದಡ ತೆರೆಯುತ್ತಿದ್ದವು. ಬೆಳಗಿನಿಂದ ತುಟಿ ಕಚ್ಚಿಕೊಂಡಿದ್ದ ಗಂಡಂದಿರು, ಹೆಂಡಿರು, ಪಾಲುದಾರರು, ಅಕ್ಕಪಕ್ಕದವರು, ಎಲ್ಲರೂ ಒಮ್ಮೆಲೇ ಬಾಯಿ ಬಿಡುತ್ತಿದ್ದರು. ನಮ್ಮ ಓಣಿಯಲ್ಲಿ ಇಬ್ಬರು ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಿರು, ಒಂದು ಬೀಸುಕಲ್ಲಿನ ಸಲುವಾಗಿ ನಾನು ಹುಟ್ಟುವ ಮೊದಲಿನಿಂದ ಜಗಳಾಡುತ್ತಿದ್ದರು. "ನಿಮ್ಮವ್ವ ಏನ ಹೊತ್ಕೊಂಡು ಬಂದಿದ್ಲು ತವರಿಂದ, ನಾಕು" ಎನ್ನುವಾಗ ಗುಡ್ಡದಿಂದ ಕೊಳಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು ಒಳಗೆ ಹೋಗುವರು. ಮರುದಿನ ಮಧ್ಯಾಹ್ನ ಹೊರಗೆ ಬಂದು "ನಾಕು ಸೌಟು ಹೊತ್ಕೊಂಡು ಬಂದಿದ್ಲು" ಎಂದು ಮುಂದುವರಿಸುವರು.

ನನಗೆ ಹಾಗೆ ತಡೆದಿಡಲು ಬರಲಿಲ್ಲ. ಅದಕ್ಕೇ ನನ್ನ ಸಾಲೆ ಏಳನೆಯ ಇಯತ್ತೆಗೆ ಮುಗಿಯಿತು. ದೊಡ್ಡ ಮಾಸ್ತರರ ಕೋಣೆಯ ರೇಡಿಯೊ ನಾನು ಬಂದ ದಿನವೆಲ್ಲ ಕೆಡುತ್ತಿತ್ತಂತೆ. ಅವರು ನನ್ನನ್ನು ಕರೆದು ಬೆನ್ನು ಸವರಿ, "ತಮ್ಮಾ, ನೀ ಜಾಣ ಅದಿ. ನಾಳಿಯಿಂದ ಜಗಳದ ಹೊತ್ತಿನ್ಯಾಗ ಅಷ್ಟ ಸಾಲಿಗೆ ಬಾ" ಅಂದರು. ಹೋಗಿ ನೋಡಿದೆ. ಆ ಹೊತ್ತಿನಲ್ಲಿ ಮಾಸ್ತರರೆಲ್ಲ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದರು. ಪಾಠ ಯಾರು ಹೇಳಬೇಕು? ಪಾಟಿಚೀಲ ಅಲ್ಲೇ ಒಗೆದು ಬಂದೆ.

ಅಪ್ಪ ಮೊದಲೇ ತೀರಿಹೋಗಿದ್ದ. ಅವ್ವ, ನಾನು, ಅಣ್ಣ ಫಕೀರ. ಅಣ್ಣ ಸುಣ್ಣದ ಭಟ್ಟಿಯಲ್ಲಿ ಕಲ್ಲು ತುಂಬುತ್ತಿದ್ದ. ನಮ್ಮ ಓಣಿಗೆ ಬೇರೆ ದುಡಿಮೆ ಇಲ್ಲ. ಗಂಡಸರು ಸಂಜೆಗೆ ರೆಪ್ಪೆ, ಮೀಸೆಯೆಲ್ಲ ಬೆಳ್ಳಗೆ ಮಾಡಿಕೊಂಡು ಬರುವರು, ಬಂದು ಕೆಮ್ಮುವರು. ಸುಣ್ಣದ ಕೆಮ್ಮು ಬೇರೆ ಕೆಮ್ಮಿನಂಥದ್ದಲ್ಲ. ಮೊದಲು ಗಂಟಲಲ್ಲಿ ಒಂದು ಚೂರು ಕೆರೆದು, ಆಮೇಲೆ ಎದೆಯ ತಳದಿಂದ ಎರಡು ಸಲ ಗುದ್ದುತ್ತದೆ. ಕತ್ತಲೆಯಲ್ಲೂ ಕೆಮ್ಮು ಕೇಳಿ, ಇವ ನಮ್ಮ ಓಣಿಯವ ಅನ್ನಬಹುದು.

ಒಂದು ದಿನ ಭಟ್ಟಿಯ ಗೋಡೆ ಒಡೆದು ಕುಸಿಯಿತು. ಒಳಗಿದ್ದವರು ಕರೆಪ್ಪ, ಹನಮಗೌಡ, ಆಚೆಮನೆ ಹುಸೇನಬಿಯ ಗಂಡ ರಾಜೇಸಾಬ. ಗೋಡೆ ಬಿರುಕು ಬಿಟ್ಟದ್ದು ಭಟ್ಟಿಯ ಧಣಿಗೆ ಗೊತ್ತಿತ್ತು. ಬೆಂಕಿ ಆರಿಸಿದರೆ ಸುಣ್ಣ ಹಾಳು ಅಂತ ಮೇಲೆ ಮೇಲೆ ಮಣ್ಣು ಮೆತ್ತಿಸಿದ್ದ. ಅವರು ಹೋದ ಮೇಲೆ ಧಣಿ ಸತ್ತವರ ಮನೆಗೆ ಒಂದೊಂದು ಹೊಸ ರೇಡಿಯೊ ಕಳಿಸಿಕೊಟ್ಟ. ಹೌದು, ರೇಡಿಯೊ. ಬಾಡಿಗೆಯ ಗಾಡಿಯಲ್ಲಿ, ಮೇಲೊಂದು ಹೂವಿನ ಹಾರ ಹಾಕಿಸಿ.

ಅಣ್ಣ ಮರುದಿನ ಬೆಳಿಗ್ಗೆ ಧಣಿಯ ಮನೆಯ ಮುಂದೆ ನಿಂತು ಸತ್ತವರ ಹೆಸರು ಹಿಡಿದು ಕೂಗಿದ. ಜಗಳದ ಹೊತ್ತಿಗೂ ಕಾಯಲಿಲ್ಲ. ಬಜಾರಿನ ರೇಡಿಯೊಗಳೆಲ್ಲ ಒಟ್ಟಿಗೆ ಗರಗರ ಎಂದವು. ಯಾರೂ ಅವನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಸುತ್ತ ನಿಂತು, ಹಸುಗೂಸು ಅಳುವುದನ್ನು ನೋಡುವ ಹಾಗೆ ನೋಡಿದರು. ಸಂಜೆ ಮೆಲುದನಿಯ ಮುಖ್ಯಸ್ಥರು ಹಾಲಪ್ಪ ಸರ್ ನಮ್ಮ ಮನೆಗೇ ಬಂದರು, ತಟ್ಟೆಯಲ್ಲಿ ತೆಂಗಿನಕಾಯಿ, ಸಕ್ಕರೆ ಹಿಡಿದುಕೊಂಡು. ಬಿಳಿ ಅಂಗಿ, ಬರಿಗಾಲು. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಅನ್ನುವ ಹಾಗೆ ಮಾತಾಡುವ ಮನುಷ್ಯ.

"ಕಾಶವ್ವಾರ, ನಿಮ್ಮ ಹಿರೇ ಮಗನ ದನಿಯೊಳಗ ದಮ್ಮೈತ್ರಿ. ಇಂಥಾ ದನಿ ಬೀದ್ಯಾಗ ಹಾಳ ಮಾಡಬಾರದು. ನಮ್ಮ ಕೂಡ ಕಳಸ್ರಿ."

ಅಣ್ಣ ಅಂದೇ ಹೊರಟ. ಹೆಗಲ ಮೇಲೆ ಟವಲ್ಲು ಹಾಕಿಕೊಂಡು ನನ್ನ ಕಿವಿಯಲ್ಲಿ, "ಮೈಕ್ ಕೊಡ್ತಾರಂತಲೇ ತಮ್ಮಾ. ಧಣಿ ಮನಿ ಮುಂದ ಕೂಗಿದ್ರ ಬಜಾರಕ್ಕ ಅಷ್ಟ ಕೇಳ್ತೈತಿ. ಈಗ ನೋಡು, ಮನಿಮನಿಗೆ ಹೊಕ್ಕು ಹೇಳ್ತೀನಿ" ಅಂದು ನಕ್ಕ. ಚಪ್ಪಲಿ ಬಿಟ್ಟು ಬಾ ಅಂದಿದ್ದರಂತೆ. ಬಿಟ್ಟೇ ಹೋದ.

ಅವನು ಏನೂ ಹೇಳಲಿಲ್ಲ. ಅಥವಾ ಹೇಳಿದ್ದು ನಮಗೆ ಗೊತ್ತಾಗಲಿಲ್ಲ. ಮುಂದೆ ದಿನಾ ದೀಪ ಹಚ್ಚುವ ಹೊತ್ತಿಗೆ ರೇಡಿಯೊದಲ್ಲಿ ಅವನ ದನಿ ಬರುತ್ತದೆ ಅಂತ ಜನ ಹೇಳತೊಡಗಿದರು. ಭಾರಿ ಮೆತ್ತಗ ಮಾತಾಡ್ತಾನ, ಬೆಣ್ಣಿ ಹಚ್ಚಿದಂಗ, ಅಂತ. ಅಂಜಿಬಿಟ್ಟ ಮಗ, ಅಂದುಕೊಂಡೆ. ಕೇಂದ್ರದಲ್ಲಿ ಮಾತಾಡುವವರು ಗುಡ್ಡದ ಮೇಲೆಯೇ ಇರುತ್ತಾರೆ. ಕೆಳಗೆ ಬರುವ ರೂಢಿ ಇಲ್ಲ. ಅದಕ್ಕೂ ಯಾರೂ ಏನೂ ಅನ್ನುವುದಿಲ್ಲ.

ಅಣ್ಣನ ಜಾಗಕ್ಕೆ ನಾನು ಭಟ್ಟಿಗೆ ಹೋದೆ. ಅದೇ ಗೋಡೆ, ಹೊಸ ಮಣ್ಣು. ಕಾಲಲ್ಲಿ ಅಣ್ಣನ ಚಪ್ಪಲಿ. ಸಂಜೆ ಬಂದರೆ ಅವ್ವ ದೀಪ ಹಚ್ಚಿ, ಸೆರಗಿನಿಂದ ರೇಡಿಯೊ ಒರೆಸಿ, ಅದರ ಮುಂದೆ ಕೂರುವಳು. ಅದು ಗರಗರ ಅನ್ನುವುದು.

"ಹೋಗಪಾ, ಬನ್ನಿಮರದ ಕಟ್ಟಿಗೆ ಹೋಗಿ ಕುಂದ್ರು. ನಿಮ್ಮಣ್ಣ ಮಾತಾಡೂ ಹೊತ್ತು."

ನಾನು ಹೋಗುತ್ತಿದ್ದೆ. ದುಡಿದು ಬಂದವನು ಒಂದು ಚರಿಗೆ ನೀರು ಕುಡಿಯುವ ಮೊದಲು ನನ್ನ ಮನೆಯಿಂದ ನಾನೇ ಹೊರಗೆ. ಬನ್ನಿಕಟ್ಟೆ ಓಣಿಯ ಆಚೆ ಇದೆ. ಅಲ್ಲಿಗೆ ಯಾವ ರೇಡಿಯೊವೂ ಕೇಳುವುದಿಲ್ಲ. ಕೂತು ಕೂತು ಕಟ್ಟೆಯ ಕಲ್ಲು ಕೀಳುತ್ತಿದ್ದೆ. ಆಮೇಲೆ ಬಂದು ಕೇಳುತ್ತಿದ್ದೆ, "ಚಂದ ಬಂತೇನಬೇ?"

"ಬಂತು. ಗಂಟಿ ಬಾರಿಸಿದಂಗ ಬಂತು."

"ಏನಂದ?"

ಅವ್ವ ಹಿಟ್ಟು ನಾದುತ್ತ ಹೇಳುವಳು. "ಇವತ್ತ ಒಂದೀಟು ಕೆಮ್ಮಿದ. ಸುಣ್ಣ ಇನ್ನಾ ಎದಿಯೊಳಗ ಐತಿ ಅವಂದು." ಇನ್ನೊಂದು ದಿನ, "ಹುರಳಿ ಕಟ್ಟಿನ ಸಾರು ನೆನಿಸಿದ. ಅಲ್ಲಿ ಸಪ್ಪಂದು ಹಾಕ್ತಾರಂತ." ಮತ್ತೊಂದು ದಿನ ನಗುತ್ತ, "ತಮ್ಮಗ ಹೇಳ್ರಿ, ನನ್ನ ಚಪ್ಪಲಿ ಸವಿಸಬ್ಯಾಡ ಅಂತ, ಅಂದ." ಅಂದು ರಾತ್ರಿ ನಾನು ಚಪ್ಪಲಿ ಒರೆಸಿ ಗೂಟಕ್ಕೆ ಹಾಕಿದೆ. ಅವ್ವನಿಗೆ ಇರುವುದು ಅದೊಂದೇ ಹೊತ್ತು. ನನ್ನ ಸಿಟ್ಟು ಅದನ್ನೂ ಕೆಡಿಸುತ್ತದಲ್ಲ ಎಂದು ಮತ್ತಷ್ಟು ಸಿಟ್ಟು ಬರುತ್ತಿತ್ತು.

ಆ ಬೇಸಿಗೆಯಲ್ಲಿ ತರಂಗ ಇನ್ನೂ ಬಡವಾಯಿತು. ಮೊದಲು ಅಗಸರ ಓಣಿಗೆ ಹಾಡು ಬಾರದಾಯಿತು. ಆಮೇಲೆ ಬಜಾರಿನಲ್ಲೇ ಹಗಲು ಹೊತ್ತು ಮಂಕಾಯಿತು. ಜನ ಇನ್ನಷ್ಟು ಮೆತ್ತಗಾದರು. ಎಮ್ಮೆಗೆ ಹೋಯ್ ಅನ್ನುವುದನ್ನು ಬಿಟ್ಟರು. ಸತ್ತವರ ಮನೆಯಲ್ಲಿ ಹಾಡಿಕೊಂಡು ಅಳುವುದನ್ನು ಬಿಟ್ಟರು, ಅಳುವಿನಲ್ಲಿಯೂ ಒಂದು ಚೂರು ಸಿಟ್ಟಿರುತ್ತದಂತೆ. ಕೊನೆಗೆ ಕೇಂದ್ರದವರು ಮಧ್ಯಾಹ್ನವೂ ಹಾಡು ನಿಲ್ಲಿಸುವುದಿಲ್ಲ ಎಂದು ಸಾರಿದರು. ಜಗಳದ ಹೊತ್ತು ಹೋಯಿತು. ಆ ನೆಗೆಣ್ಣಿಯರು ಉಂಡ ಮೇಲೆ ರೂಢಿಯಂತೆ ಹೊರಗೆ ಬಂದು, ಎದುರುಬದುರು ಕಟ್ಟೆಯ ಮೇಲೆ ಕೂತು, ಸಂಜೆಯ ತನಕ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಬಾಯಿ ಅರ್ಧ ತೆರೆದಿರುತ್ತಿತ್ತು. ಮುಖ ತೊಳೆದಿಟ್ಟ ತಟ್ಟೆಯ ಹಾಗೆ. ನಾನು ಭಟ್ಟಿಯಿಂದ ಬರುವಾಗ ಅವರನ್ನು ದಾಟಿ ಬರಲು ಹೆದರುತ್ತಿದ್ದೆ.

ಆಮೇಲೆ ಗರಗರ ಹುಡುಕುವವರು ಹೊರಟರು. ಹಾಲಪ್ಪ ಸರ್ ಕೊರಳಲ್ಲಿ ಒಂದು ಸಣ್ಣ ರೇಡಿಯೊ ಹಾಕಿಕೊಂಡು, ಹಿಂದೆ ನಾಲ್ಕು ಹಿರಿಯರನ್ನು ಕಟ್ಟಿಕೊಂಡು ಓಣಿ ಓಣಿ ನಡೆದರು. ನಮ್ಮ ಓಣಿಯ ಉದ್ದಕ್ಕೂ ಆ ರೇಡಿಯೊ ಸಣ್ಣಗೆ ಹಾಡುತ್ತಲೇ ಬಂತು. ನಮ್ಮ ಬಾಗಿಲಿಗೆ ಬಂದದ್ದೇ ನಾಯಿಯ ಹಾಗೆ ಗುರುಗುಟ್ಟಿತು. ನಾನು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದೆ. ನನ್ನ ಬೆನ್ನ ಹಿಂದೆ, ಬಾಗಿಲಲ್ಲಿ, ಅವ್ವ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು.

"ಯಮನೂರಪ್ಪಾ, ನಿನ್ನ ಮ್ಯಾಲ ನನಗೇನೂ ಸಿಟ್ಟಿಲ್ಲ," ಅಂದರು ಹಾಲಪ್ಪ ಸರ್.

"ನನಗ ಐತ್ರಿ."

"ಗೊತ್ತೈತಿ. ಊರಿಗೆಲ್ಲ ಕೇಳಾಕತ್ತೈತಿ." ಹಿರಿಯರು ಮೆಲ್ಲಗೆ ನಕ್ಕರು. "ನೋಡು ತಮ್ಮಾ, ತರಂಗ ಇನ್ನೊಂದು ಎಳಿ ಇಳೀತಂದ್ರ ಮೊದಲ ಹೋಗೂದು ಈ ಓಣಿ. ನಿಮ್ಮವ್ವಗ ನಿಮ್ಮಣ್ಣನ ದನೀನೂ ಇಲ್ಲದಂಗ ಆಗ್ತೈತಿ. ಮ್ಯಾಲ ಬಾ. ಮೈಕಿನ ಮುಂದ ನಿಂತು ಏನೈತಿ ಎಲ್ಲಾ ಹೇಳು. ಯಾರೂ ತಡಿಯೂದಿಲ್ಲ. ಹಗುರಾಗ್ತಿ."

"ಬ್ಯಾಡ," ಅಂದಳು ಅವ್ವ ಹಿಂದಿನಿಂದ. ದನಿ ಎತ್ತಲಿಲ್ಲ. ಮೊರವೂ ನಿಲ್ಲಲಿಲ್ಲ. "ಒಬ್ಬ ಹೋದದ್ದ ಸಾಕು."

ಹಾಲಪ್ಪ ಸರ್ ಕೊರಳಿನ ರೇಡಿಯೊ ಕಿತ್ತುಹೋಗುವ ಹಾಗೆ ಗರಗುಟ್ಟಿತು. ಎಲ್ಲರೂ ನನ್ನನ್ನು ನೋಡಿದರು. ನಾನೂ ನನ್ನನ್ನೇ ಬೈದುಕೊಂಡೆ.

ಮರುದಿನ ಅವ್ವ ನೀರಿಗೆ ಹೋದಾಗ ಅಣ್ಣನ ಚಪ್ಪಲಿ ಮೆಟ್ಟಿ ಹೊರಟೆ. ಅಣ್ಣನನ್ನು ಎಳೆದುಕೊಂಡು ಬರುವುದು. ಅವನು ಬಾರದಿದ್ದರೆ ಮೈಕ್ ಹಿಡಿದು, ಅವನು ಅಂಜಿ ಬಿಟ್ಟದ್ದನ್ನು ನಾನು ಹೇಳುವುದು. ನನ್ನಲ್ಲಿದ್ದದ್ದು ಇಷ್ಟೇ ಯೋಚನೆ. ಆಮೇಲೆ ಹಗುರಾದರೆ ಆಗಲಿ, ಅವ್ವನಾದರೂ ನೆಟ್ಟಗೆ ರೇಡಿಯೊ ಕೇಳಲಿ.

ಗುಡ್ಡದ ಮೇಲೆ ಗಾಳಿ ಇತ್ತು, ಸದ್ದು ಇರಲಿಲ್ಲ. ಚಪ್ಪಲಿ ಬಾಗಿಲಲ್ಲೇ ಬಿಡಿಸಿದರು. ಒಳಗೆ ಗೋಡೆಗೆಲ್ಲ ಹತ್ತಿಯ ಗಾದಿ ಬಡಿದಿದ್ದರು, ನೆಲಕ್ಕೂ ಗಾದಿ, ಛತ್ತಿಗೂ ಗಾದಿ. ನಡೆದರೆ ನನ್ನ ಹೆಜ್ಜೆ ನನಗೆ ಕೇಳಲಿಲ್ಲ. ನಡುವೆ ಯಂತ್ರ. ಅದರ ಹೊಟ್ಟೆಯಲ್ಲಿ ಒಂದು ಕೆಂಪು ಬೆಳಕು, ಆರಲು ಬಂದ ಕುಲುಮೆಯ ಹಾಗೆ. ಯಂತ್ರ ಮುಟ್ಟಿದರೆ ಬಿಸಿ, ಉಸಿರಾಡುವ ಹಾಗೆ ಸಣ್ಣಗೆ ಏರಿಳಿಯುತ್ತಿತ್ತು. ಒಂದು ಬೆಂಚಿನ ಮೇಲೆ ಬಿಳಿ ಅಂಗಿಯವರು ಸಾಲಾಗಿ ಕೂತಿದ್ದರು. ಎಲ್ಲರ ತುಟಿಯ ಮೇಲೂ ಅದೇ ಒಂದು ನಗೆ. ಅವರ ನಡುವೆ ಅಣ್ಣ.

ಮೈ ತುಂಬಿಕೊಂಡಿದ್ದ. ಬಿಸಿಲು ಕಾಣದ ಬಣ್ಣ. ನನ್ನನ್ನು ಕಂಡು ಎದ್ದು ಬಂದು ಕೈ ಹಿಡಿದ. ಕೈ ನೆನೆಸಿದ ಅವಲಕ್ಕಿಯ ಹಾಗಿತ್ತು.

"ಬಾ ತಮ್ಮ. ಕುಳಿತುಕೋ. ಅವ್ವ ಕ್ಷೇಮವಾಗಿದ್ದಾಳೆಯೇ?"

ನನ್ನ ಅಣ್ಣ ಹುಟ್ಟಿದಾಗಿನಿಂದ ಹಾಗೆ ಮಾತಾಡಿದವನಲ್ಲ. "ಇದ್ಯಾವ ಭಾಷಾಲೇ ಅಣ್ಣಾ? ಮನಿಗೆ ನಡಿ. ಕೆಮ್ಮು ಹ್ಯಾಂಗೈತಿ?"

"ಯಾವ ಕೆಮ್ಮು?"

"ರೇಡಿಯೊದಾಗ ಕೆಮ್ಮತಿಯಂತಲ್ಲ. ಅವ್ವ ದಿನಾ ಹೇಳ್ತಾಳ."

"ಇಲ್ಲಿ ಯಾರೂ ಕೆಮ್ಮುವುದಿಲ್ಲ, ತಮ್ಮ."

"ಹುರಳಿ ಸಾರು? ಚಪ್ಪಲಿ ಸವಿಸಬ್ಯಾಡ ಅಂದ್ಯಲ್ಲ?"

ಅವನು ನನ್ನ ಬರಿಗಾಲು ನೋಡಿದ. "ನಾನು ಹಾಡಿನ ಹೆಸರು ಹೇಳುತ್ತೇನೆ. ಅದನ್ನು ಬಯಸಿದವರ ಹೆಸರು ಹೇಳುತ್ತೇನೆ. ಬೇರೇನನ್ನೂ ಹೇಳುವುದಿಲ್ಲ."

ಹೇಳಿದ್ದನ್ನೂ ಮರೆತಿದ್ದಾನೆ ಅಂದುಕೊಂಡೆ. ನನಗೆ ಆಗ ಬೇರೆ ಏನೂ ಹೊಳೆಯಲಿಲ್ಲ. "ರಾಜೇಸಾಬರ ನೆನಪರೆ ಐತೇನು? ಹುಸೇನಬಿ ಗಂಡ? ನೀನಽ ಹೊತ್ಕೊಂಡು ಹೊರಗ ತಂದಿದ್ದಿ ಅವರನ್ನ, ನಿನ್ನ ತೋಳಿನ ತೊಗಲು ಸುಟ್ಟಿತ್ತು!"

ಅಣ್ಣ ಮೆಲ್ಲಗೆ, ಮರ್ಯಾದೆಯಿಂದ ಕೇಳಿದ. "ಅವರು ಯಾವ ಗೀತೆಯನ್ನು ಬಯಸಿದ್ದರು?"

ನನ್ನ ಕಣ್ಣು ಕತ್ತಲಿಟ್ಟಿತು. ಅವನ ಅಂಗಿಯ ಕೊರಳು ಹಿಡಿದು ಜಗ್ಗಿದೆ. ಅವನು ನಗುತ್ತಲೇ ಜೋಲಿದ. ಯಂತ್ರದ ಹೊಟ್ಟೆಯ ಬೆಳಕು ದಿಗ್ಗನೆ ಏರಿತು. ಹಾಲಪ್ಪ ಸರ್ ನನ್ನ ಭುಜ ಹಿಡಿದು ಮೈಕಿನ ಕಡೆ ತಿರುಗಿಸಿದರು. "ಈಗ," ಅಂದರು. "ಈಗ ಚಲೋ ಕಾದೈತಿ. ಹೇಳು."

ಹೇಳಿದೆ. ಏನು ಬಿಡಲಿ? ಕರೆಪ್ಪ, ಹನಮಗೌಡ, ರಾಜೇಸಾಬ, ಅಂತ ಹೆಸರು ಹಿಡಿದು ಕೂಗಿದೆ. ಬಿರುಕಿಗೆ ಮಣ್ಣು ಮೆತ್ತಿಸಿದ ಧಣಿಯ ಹೆಸರು ಕೂಗಿದೆ. ಜೀವದ ಬದಲು ಹಾರ ಹಾಕಿದ ರೇಡಿಯೊ ಕಳಿಸಿದ್ದನ್ನು, ನನ್ನ ಸಾಲೆಯನ್ನು, ಬನ್ನಿಕಟ್ಟೆಯನ್ನು, ಬಾಯಿ ಅರ್ಧ ತೆರೆದು ಕೂತ ಆ ಹೆಂಗಸರನ್ನು, ಎಲ್ಲ ಕೂಗಿದೆ. ಗಂಟಲು ಹರಿಯಿತು. ಆದರೆ ನನ್ನ ಕೂಗು ನನ್ನ ಕಿವಿಗೆ ತಿರುಗಿ ಬರಲಿಲ್ಲ. ಆಳದ ಬಾವಿಗೆ ಕಲ್ಲು ಒಗೆದು ಸದ್ದಿಗೆ ಕಾದ ಹಾಗೆ, ಒಗೆಯುತ್ತಲೇ ಹೋದೆ, ನೀರಿನ ಸದ್ದು ಬರಲೇ ಇಲ್ಲ. ಯಂತ್ರ ಮಾತ್ರ ಬೆಳಗುತ್ತ ಹೋಯಿತು. ಕೊನೆಗೆ ಒಗೆಯಲು ಕಲ್ಲು ಉಳಿಯಲಿಲ್ಲ.

"ಶಾಣ್ಯಾ," ಅಂದರು ಹಾಲಪ್ಪ ಸರ್, ನನ್ನ ಬೆವರು ಒರೆಸುತ್ತ. "ಇವತ್ತ ಹೋಗಿ ಅವ್ವನ್ನ ಮಾತಾಡಿಸಿಕೊಂಡು, ನಾಳಿ ಬಂದುಬಿಡು. ನಿಮ್ಮಣ್ಣನ ಹಿಂದಿಂದಽ ನಿನ್ನ ಹೊತ್ತು."

"ಆಗಲಿ ಸರ್. ಬರುತ್ತೇನೆ," ಅಂದೆ.

ಚಪ್ಪಲಿ ಮೆಟ್ಟಿ ಗುಡ್ಡ ಇಳಿಯುವಾಗ ಊರು ಇದಿರೆದ್ದು ಬರುತ್ತದೆ, ಧಣಿಯ ಮನೆಗೆ ಕಲ್ಲು ಬೀಳುತ್ತವೆ ಅಂತ ಕಾಯುತ್ತಿದ್ದೆ. ಕಾಯುತ್ತಿದ್ದೆ ಅನ್ನುವುದೂ ಸುಳ್ಳು. ಕಾಯಬೇಕು ಅನ್ನುವುದು ನೆನಪಿತ್ತು. ಅಗಸರ ಓಣಿಗೆ ಮತ್ತೆ ಹಾಡು ಬಂದಿತ್ತು. ಚಹಾದ ಅಂಗಡಿಯವನು ಕೈ ಮುಗಿದ. "ಅಣ್ಣಗ ತಕ್ಕ ತಮ್ಮ ನೋಡಪಾ. ಏನ ದನಿ, ಏನ ದನಿ! ಕೇಳಕೋಂತ ಜಂಪ ಹತ್ತಿತು." ಯಾರದೋ ರೇಡಿಯೊದ ಪಕ್ಕದಲ್ಲೇ ನಿಂತಿದ್ದೆ. ಅದು ಒಂದಿಷ್ಟೂ ಅಳುಕದೆ ಹಾಡುತ್ತಿತ್ತು.

ಓಣಿಯ ಬಾಯಲ್ಲಿ ಹುಸೇನಬಿ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು. "ಯಮನೂರಾ, ನಮ್ಮನಿಯವರ ಹೆಸರು ರೇಡಿಯೊದಾಗ ಬಂತೋ! ಕರೆಪ್ಪ, ಹನಮಗೌಡ, ರಾಜೇಸಾಬ, ಇವರು ಬಯಸಿದ ಗೀತೆ ಅಂದಿ. ಎಷ್ಟ ಚಂದ ಹಾಡು ಹಾಕಿದಿ. ಅವ್ರು ಇದ್ದಾಗ ಒಂದ ದಿನ ಕುಂತು ಹಾಡು ಕೇಳಿದವರಲ್ಲ."

ಇದಕ್ಕೆ ಬೆಂಕಿಯಾಗಬೇಕು ಎಂದು ನನಗೆ ಗೊತ್ತಿತ್ತು. ಬೆಂಕಿ ಎಲ್ಲಿರುತ್ತದೆ ಎಂದು ಹುಡುಕಿದೆ. ಸಿಗಲಿಲ್ಲ. "ಸಂತೋಷ," ಅಂದೆ.

ಅವಳು ನನ್ನ ಜೊತೆಗೇ ನಮ್ಮ ಮನೆಗೆ ಬಂದಳು, ಅವ್ವನಿಗೆ ಹೇಳಲು. ದೀಪ ಹಚ್ಚುವ ಹೊತ್ತು. ಅವ್ವ ರೇಡಿಯೊದ ಮುಂದೆ ಕೂತಿದ್ದಳು, ಕೈ ತೊಡೆಯ ಮೇಲೆ.

"ಅವ್ವ, ನಾನು ಬಂದೆ," ಅಂದೆ.

ಅವ್ವ ತಿರುಗಿ ನನ್ನ ಬಾಯನ್ನೇ ನೋಡಿದಳು. ರೇಡಿಯೊ ಗರಗರ ಅನ್ನುತ್ತಿತ್ತು.

ಹುಸೇನಬಿ ರೂಢಿಯಂತೆ, "ಯಮನೂರಾ, ಒಂದೀಟು ಹೊರಗ ನಿಂದ್ರಪಾ, ನಿಮ್ಮಣ್ಣಂದು ಬರೂ ಹೊತ್ತು" ಅಂದಳು. ನಾನು ಹೊರಗೆ ನಿಂತೆ. ಗರಗರ ನಿಲ್ಲಲಿಲ್ಲ. ಓಣಿ ದಾಟಿ ಹುಸೇನಬಿಯ ಬಾಗಿಲಿಗೆ ಹೋದೆ. ಅವಳ ಮನೆಯಲ್ಲಿ ಧಣಿ ಕೊಟ್ಟ ರೇಡಿಯೊ ಗೂಡಿನಲ್ಲಿ ಕೂತು ತಿಳಿನೀರಿನ ಹಾಗೆ ಹಾಡುತ್ತಿತ್ತು. ನಾನು ಅದರ ಮೇಲೆ ಕೈ ಇಟ್ಟೆ. ಆದರೂ ಹಾಡಿತು. ತಿರುಗಿ ನೋಡಿದರೆ ಹುಸೇನಬಿಯೂ ನಮ್ಮ ಮನೆಯಿಂದ ಹೊರಗೆ ಬಂದು, ಸೆರಗು ಬಾಯಿಗೆ ಒತ್ತಿಕೊಂಡು ಅಂಗಳದಲ್ಲಿ ನಿಂತಿದ್ದಳು. ಒಳಗೆ ಅವ್ವ ಒಬ್ಬಳೇ. ಗರಗರ ಮೊದಲಿಗಿಂತ ಜೋರಾಗಿತ್ತು.

ನಾನು ಹೋಗಿ ಬಾಗಿಲಲ್ಲಿ ಕೂತೆ.

"ನೀ ಹೊರಗ ಹೋದ ಮ್ಯಾಲೂ ಹಿಂಗಽ ಅಂತಿತ್ತು," ಅಂದಳು ಅವ್ವ. ಮೆಲ್ಲಗೇ ಅಂದಳು. ಅವಳು ಎಂದೂ ದನಿ ಎತ್ತಿದವಳಲ್ಲ. "ದಿನಾ ಅಂತಿತ್ತು. ನೀ ಹೋದ್ರೂ ನಿನ್ನ ಸಿಟ್ಟು ಮನ್ಯಾಗ ಉಳದೈತಿ ಅಂದ್ಕೊಂಡಿದ್ದೆ. ಹೇಳಿದ್ರ ನಿನ್ನ ಮನಸಿಗೆ ಹತ್ತತಿತ್ತು."

"ಹಾಗಾದರೆ ಅಣ್ಣನ ಮಾತು? ಕೆಮ್ಮು, ಚಪ್ಪಲಿ?"

"ಒಂದ ದಿನಾನೂ ಕೇಳಿಲ್ಲ ನಾ. ಅಂವ ಅಂದ್ರ ಏನ ಅಂತಿದ್ದ ಅಂತ ನಾನಽ ಹೇಳ್ತಿದ್ದೆ." ಅವ್ವ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ದೀಪದ ಕಡೆಗೆ ತಿರುಗಿಸಿದಳು. ಸಂತೆಯಲ್ಲಿ ಬದನೆಕಾಯಿಗೆ ಹುಳು ಹತ್ತಿದೆಯೇ ಎಂದು ನೋಡುವ ಹಾಗೆ ನೋಡಿದಳು. "ಇವತ್ತ ಬಾವಿ ಕಡೆ ಎಲ್ಲಾರೂ ಅಂದ್ರು, ನಿನ್ನ ಮಗ ಬಂಗಾರದಂಗ ಮಾತಾಡಿದ ಅಂತ. ನನ್ನ ಮಗ ಹಂಗ ಮಾತಾಡಾವಲ್ಲ ಅಂದೆ. ನಕ್ಕರು." ಅವಳ ಕೈ ತಾಗಿದಲ್ಲಿ ನನ್ನ ಕೆನ್ನೆ ಸುಡುತ್ತಿತ್ತು. "ಹಡದಾಕಿ ಸಿಟ್ಟು ಯಾರಿಗೂ ಕಾಣಲಿಲ್ಲ ನೋಡು. ನನಗೂ ಕಾಣಲಿಲ್ಲ."

ಅವ್ವ ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ನಾನು ಬಿಟ್ಟಿದ್ದ ಅಣ್ಣನ ಚಪ್ಪಲಿಯಲ್ಲಿ ಕಾಲು ತೂರಿದಳು. ಅವು ಅವಳ ಪಾದಕ್ಕೆ ದೋಣಿಯಷ್ಟು ದೊಡ್ಡವು.

"ಅವ್ವ, ಅಲ್ಲಿ ಹೋಗಬೇಡ. ಅಲ್ಲಿ ಹೋದವರು…"

"ನೀ ಇಲ್ಲೇ ಕುಂದ್ರು," ಅಂದಳು. "ಇವತ್ತ ಹೊರಗ ಹೋಗಾಕಿ ನಾನು."

ಅವಳು ಅಂಗಳ ದಾಟಿದ್ದೇ ನಮ್ಮ ಮನೆಯ ರೇಡಿಯೊ ಸ್ವಚ್ಛವಾಯಿತು. ಮೊದಲ ಸಲ ನಾನು ನಮ್ಮ ಮನೆಯಲ್ಲಿ ಅಣ್ಣನ ದನಿ ಕೇಳಿದೆ. "ಕೇಳುಗರಿಗೆ ನಮಸ್ಕಾರ. ಈ ಸಂಜೆಯ ಮೊದಲ ಗೀತೆ…" ಅದರಲ್ಲಿ ಏನೂ ಇರಲಿಲ್ಲ. ಸುಣ್ಣ ಬಳಿದ ಗೋಡೆಯಂಥ ದನಿ.

ಆದರೆ ಹೊರಗೆ ಹುಸೇನಬಿಯ ರೇಡಿಯೊ ಕೆಟ್ಟಿತು. ಆಮೇಲೆ ಅದರ ಆಚೆಯದು. ಆಮೇಲೆ ನೆಗೆಣ್ಣಿಯರ ಮನೆಯದು, ಎರಡೂ ಕಡೆಯದು. ಅವ್ವ ನಡೆದ ಹಾಗೆ ಗರಗರ ಮನೆಯಿಂದ ಮನೆಗೆ ಹೋಗುತ್ತಿತ್ತು, ಅವಳು ದಾಟಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಉಳಿಯುತ್ತಿತ್ತು. ಬಾಗಿಲು ತೆಗೆದು ಜನ ಹೊರಗೆ ಬಂದರು. ಯಾವನು, ಯಾವ ಹುಡುಗ, ಎಂದು ಆಚೀಚೆ ನೋಡಿದರು. ದೊಡ್ಡ ಚಪ್ಪಲಿ ಎಳೆದುಕೊಂಡು ಹೋಗುವ ಒಬ್ಬ ಮುದುಕಿ ಬಿಟ್ಟರೆ ಓಣಿಯಲ್ಲಿ ಯಾರೂ ಇರಲಿಲ್ಲ.

"ಎಲ್ಲಿಗೆ ಹೊಂಟೀಬೇ ಕಾಶವ್ವಾ, ದೀಪ ಹಚ್ಚೂ ಹೊತ್ತಿನ್ಯಾಗ?" ಅಂತ ಯಾರೋ ಕೇಳಿದ್ದು ನನಗೆ ಕೇಳಿಸಿತು.

"ಮಗ ಕೆಮ್ಮಾಕತ್ತಾನ. ನೋಡ್ಕೊಂಡು ಬರ್ತೀನಿ."

ಬಜಾರು ಕೆಟ್ಟಿತು. ಅಗಸರ ಓಣಿ ಕೆಟ್ಟಿತು. ನಾನು ಹೊಸ್ತಿಲ ಮೇಲೆ ಕೂತು, ಆ ಸದ್ದು ಊರನ್ನು ದಾಟಿ ಗುಡ್ಡದ ಬುಡಕ್ಕೆ ಹೋಗಿ ಅಡಗುವುದನ್ನು ಕೇಳಿದೆ. ಗುಡ್ಡದ ಮೈಯಲ್ಲಿ ಮನೆಗಳಿಲ್ಲ, ರೇಡಿಯೊಗಳಿಲ್ಲ. ಅಲ್ಲಿ ಅವಳು ಎಲ್ಲಿದ್ದಾಳೆ ಎಂದು ತಿಳಿಯಲು ದಾರಿಯಿಲ್ಲ. ನಮ್ಮ ಮನೆಯಲ್ಲಿ ಹಾಡು ಹಾಡುತ್ತಲೇ ಇತ್ತು. ಅದು ಮುಗಿಯಿತು. ಅಣ್ಣ ಇನ್ನೊಂದು ಹಾಡಿನ ಹೆಸರು ಹೇಳಿದ. ಅದೂ ಮುಗಿಯಿತು. ಮುಂದಿನ ಗೀತೆಯನ್ನು ಬಯಸಿದವರು, ಅಂದ.

ಅಲ್ಲಿಗೆ ನಿಂತ.

ಆಮೇಲೆ ಗರಗರ. ನಮ್ಮ ಮನೆಯದು, ಹುಸೇನಬಿಯದು, ಬಜಾರಿನದು, ಊರಿನ ಒಟ್ಟು ರೇಡಿಯೊಗಳದು, ಒಂದೇ ಗಂಟಲಿನಿಂದ. ಓಣಿಯ ಜನ ಕಿವಿ ಮುಚ್ಚಿಕೊಂಡರು. ಯಾರೂ ಒಳಗೆ ಹೋಗಿ ರೇಡಿಯೊದ ಕಿವಿ ಹಿಂಡಿ ಅದನ್ನು ಆರಿಸಲಿಲ್ಲ. ಎಲ್ಲರೂ ಗುಡ್ಡದ ಕಡೆಗೆ ನೋಡುತ್ತಿದ್ದರು.

ಆ ಗರಗರದ ನಡುವೆ ಒಂದು ಸದ್ದು ಬಂತು. ಮೊದಲು ಗಂಟಲಲ್ಲಿ ಒಂದು ಚೂರು ಕೆರೆಯಿತು. ಆಮೇಲೆ ಎದೆಯ ತಳದಿಂದ ಎರಡು ಸಲ ಗುದ್ದಿತು.

ಹುಸೇನಬಿ ನನ್ನ ಕಡೆ ತಿರುಗಿದಳು. ನಾನು ಏನೋ ಹೇಳಲು ಬಾಯಿ ತೆರೆದೆ. ಅದೇ ಕೆಮ್ಮು ಬಂತು.